ಸುಣ್ಣ ಬಳಿಯದ ಮರದ ಎಳನೀರು

ಬಸ್ಸಿನಲ್ಲಿ ಪಕ್ಕ ಕೂತವರಿಗೆ ನಾನು ಡಾಕ್ಟರು ಅಂತ ಗೊತ್ತಾದರೆ ಸಾಕು, ಮುಂದಿನ ಊರು ಹಗರೆ ದಾಟುವುದರೊಳಗೆ ಮಂಡಿನೋವಿನಿಂದ ಹಿಡಿದು ಸೊಸೆಯ ಸಿಡುಕಿನವರೆಗೆ ಎಲ್ಲಕ್ಕೂ ಮದ್ದು ಕೇಳುತ್ತಾರೆ. ಪೋಸ್ಟ್‌ಮಾರ್ಟಂ ಕೂಡ ಮಾಡ್ತೀನಿ ಅಂದೆನೋ, ಮುಗಿಯಿತು. ಮೆಲ್ಲಗೆ ಸೆರಗು ಎಳೆದುಕೊಂಡು ಕಿಟಕಿಗೆ ಅಂಟಿಕೊಳ್ಳುತ್ತಾರೆ. ಸುಳ್ಳೇಕೆ, ಆರಾಮಾಗಿ ಕೂರಬೇಕೆನಿಸಿದ ದಿನ ನಾನೇ ಬೇಕೆಂದು ಹೇಳಿಬಿಡುತ್ತೇನೆ.

ಜನ ತಿಳಿದಷ್ಟು ಕೆಟ್ಟ ಕೆಲಸವಲ್ಲ ಅದು. ಬೇಲೂರಿನ ಕಡೆಯ ಯಜಮಾನರೊಬ್ಬರು ಮದುವೆ ಮನೆಯಲ್ಲಿ ನಕ್ಕು ನಕ್ಕು ಎದೆಯೊಡೆದು ಹೋದರೆಂದು ನೆಂಟರೆಲ್ಲ ಆಣೆ ಇಟ್ಟು ಹೇಳಿದ್ದರು. ನೋಡಿದರೆ ಶ್ವಾಸನಾಳದ ಬಾಯಲ್ಲಿ ಒಂದು ತುಂಡು ಕೋಡುಬಳೆ ಕೂತಿತ್ತು. ಇಂಥವು ಅಪರೂಪಕ್ಕೆ ಸಿಗುತ್ತವೆ. ಆದರೆ ಹೆಣ ಕೊಯ್ಯುವ ಆ ಶೆಡ್ಡಿನಿಂದ ನಾನು ಓಡಿಕೊಂಡು, ಅದೂ ಖುಷಿಯಿಂದ ಹೊರಗೆ ಬಂದದ್ದು ಒಂದೇ ಸಲ.

ಜಾವಗಲ್ ಕಡೆಯ ಅಣ್ಣತಮ್ಮಂದಿರು ಅವರು. ಬೆಳಿಗ್ಗೆ ತೋಟದಲ್ಲಿ ಪಂಪಿನ ಮೋಟರು ಬಿಚ್ಚಿಕೊಂಡು ಕೂತಿದ್ದರಂತೆ. ತಮ್ಮ ಎರಡು ಎಳನೀರು ಕಿತ್ತು, ಬಾಯಿ ಕೆತ್ತಿ, ಬದುವಿನ ಮೇಲಿಟ್ಟ. ತನ್ನದನ್ನು ಆಗಲೇ ಕುಡಿದ. ಅಣ್ಣ ಮಾತ್ರ ಮೋಟರು ಮುಗಿಸಿಯೇ ಕುಡಿಯುವವನು. ಕಾಲು ಗಂಟೆ ಬಿಟ್ಟು ಕಾಯಿಗೇ ಬಾಯಿಟ್ಟು ಗಟಗಟ ಏರಿಸಿದವನು ಕುತ್ತಿಗೆ ಹಿಡಿದುಕೊಂಡು ಕೂತುಬಿಟ್ಟ. ಆಸ್ಪತ್ರೆಗೆ ತರುವ ಹೊತ್ತಿಗೆ ಉಸಿರಿರಲಿಲ್ಲ.

"ನಾನೇ ಕೊಂದೆ ಕಣ್ರಮ್ಮಾ ನಮ್ಮಣ್ಣನ್ನ!" ಎಂದು ತಮ್ಮ ನಮ್ಮ ಆಸ್ಪತ್ರೆಯ ಜಗುಲಿಯ ಮೇಲೆ ಬಿದ್ದು ಹೊರಳಿದ. "ನಾನೂ ಕುಡ್ದಿವ್ನಿ, ನಾನೂ ಹೊಂಟೆ!"

ನಾನೂ ತೆಂಗಿನ ಮನೆಯವಳೇ, ಅವನ ಮಾತು ತಕ್ಷಣ ಅರ್ಥವಾಯಿತು. ನುಸಿ ಬಿದ್ದ ತೆಂಗಿಗೆ ಬೇರಿನ ಮೂಲಕ ವಿಷದ ಔಷಧಿ ಕುಡಿಸುತ್ತಾರೆ. ಆಮೇಲೆ ಒಂದೂವರೆ ತಿಂಗಳು ಆ ಮರದ ಕಾಯಿ ಮುಟ್ಟುವಂತಿಲ್ಲ. ಗುರುತಿಗೆ ಬುಡಕ್ಕೆ ಸುಣ್ಣ ಬಳಿಯಬೇಕು. ಎರಡು ವಾರದ ಹಿಂದೆ ಈ ಮಹರಾಯ, ಸುಣ್ಣ ಮುಗಿಯಿತೆಂದು ಕೊನೆಯ ಎರಡು ಮರಗಳನ್ನು ಹಾಗೇ ಬಿಟ್ಟಿದ್ದ. ಇವತ್ತು ಕಿತ್ತದ್ದು ಅದರಲ್ಲೊಂದರಿಂದ ಎಂದು ಅವನಿಗೆ ನೆನಪಾದದ್ದು ಅಣ್ಣ ಬಿದ್ದ ಮೇಲೆ.

ಅವನನ್ನು ಮಲಗಿಸಿ, ಡ್ರಿಪ್ ಹಾಕಿಸಿ ನೋಡಿದೆ. ನಾಡಿ ನನ್ನದಕ್ಕಿಂತ ಚೆನ್ನಾಗಿತ್ತು. ಬಾಯಲ್ಲಿ ನೊರೆಯಿಲ್ಲ, ಕಣ್ಣುಪಾಪೆ ಸರಿಯಾಗಿತ್ತು.

"ನಿಂಗೇನೂ ಆಗಿಲ್ಲ ಕಣಪ್ಪಾ" ಎಂದರೆ ಕೇಳಬೇಕಲ್ಲ! ಹೆಂಡತಿಯನ್ನು ಕರೆದು ಎಮ್ಮೆಗಳನ್ನು ಒಪ್ಪಿಸಿದ. ತಪ್ಪೊಪ್ಪಿಗೆಯೂ ಶುರುವಾಯಿತು: "ಶನಿವಾರ ಮಾಲೇಕಲ್ಲಿನ ಗುಡಿಗೆ ಹೋಯ್ತೀನಿ ಅಂತಿದ್ನಲ್ಲ, ಸಿನಿಮಾಕ್ಕೆ ಹೋಯ್ತಿದ್ದೆ ಕಣೇ. ತಿಮ್ಮಪ್ಪ ಬುಡ್ತಾನಾ?" ನರ್ಸು ಗೋಡೆಯ ಕಡೆ ತಿರುಗಿ ನಿಂತಳು. ನಾನು ಕೆಮ್ಮಿದೆ.

ನಗದಿದ್ದವಳು ಒಬ್ಬಳೇ, ಅತ್ತಿಗೆ. ಮದುವೆಯಾಗಿ ಬಂದಾಗ ಈ ಮೈದುನ ಇನ್ನೂ ಚಡ್ಡಿ ಹಾಕುತ್ತಿದ್ದನಂತೆ. ಇವಳೇ ಸಾಕಿದಳಂತೆ. ಎದುರು ಬೆಂಚಿನಲ್ಲಿ ಕೂತಿದ್ದಳು, ಒಂದು ಸಲವೂ ಅವನ ಕಡೆ ನೋಡಲಿಲ್ಲ. ಎಮ್ಮೆ ಸಿನಿಮಾ ಎಂದು ಏನೇ ಬಡಬಡಿಸಿದರೂ ಅವನ ಕಣ್ಣು ಮಾತ್ರ ಅವಳ ಮೇಲೇ ಇತ್ತು. ಇವನು ಸಾಯುವುದಿಲ್ಲ, ಸರಿ. ಆದರೆ ವಿಷವೇ ಎಂದು ನಾನು ಬರೆದುಕೊಟ್ಟರೆ ಆ ಮನೆಯಲ್ಲಿ ಬದುಕುವುದು ಹೇಗೆ?

ಶೆಡ್ಡಿನಲ್ಲಿ ನಮ್ಮ ಸಹಾಯಕರು, ನಿವೃತ್ತಿಯ ಹತ್ತಿರದವರು, ಮೊದಲೇ ಮೂಗು ಅರಳಿಸಿ, "ಔಷಧಿ ವಾಸ್ನೆನೇ ಇಲ್ವಲ್ಲ ಮೇಡಮ್ಮೋರೆ" ಎಂದರು. ಕುತ್ತಿಗೆ ಬಿಡಿಸಿದೆವು. ಗಂಟಲು ಒಳಗೆ ಒಂದು ದಾರವೂ ತೂರದಷ್ಟು ಊದಿತ್ತು. ನಾಲಿಗೆಯ ಬುಡದಲ್ಲಿ ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆ. ಆಮೇಲೆ ಹೊಟ್ಟೆಯಲ್ಲಿ, ಎಳನೀರಿನ ಜೊತೆ, ಹಳದಿ ಪಟ್ಟೆಯ ಒಂದು ಹುಳ ಸಿಕ್ಕಿತು.

"ಅಯ್ಯೋ ಶಿವನೇ, ಕಡಜ!" ಎಂದರು ಅವರು.

ಬದುವಿನ ಮೇಲೆ ಬಾಯಿ ತೆರೆದು ಕೂತಿದ್ದ ಕಾಯಿಗೆ ಸಿಹಿಗೆಂದು ಇಳಿದಿದೆ. ನುಂಗುವಾಗ ಕುಟುಕಿದೆ, ಗಂಟಲು ಊದಿ ಉಸಿರು ಕಟ್ಟಿದೆ. ನಿಯಮದಂತೆ ಒಳಾಂಗಗಳನ್ನು ಪ್ರಯೋಗಾಲಯಕ್ಕೆ ಕಳಿಸಿದೆ, ಮುಂದೆ ಬಂದ ವರದಿಯಲ್ಲೂ ವಿಷದ ಸುಳಿವಿರಲಿಲ್ಲ. ಆದರೆ ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರಲು ನನ್ನ ಕೈಲಾಗುತ್ತದೆಯೇ? ಹೆಣದ ಮುಂದೆ ಹಿಗ್ಗಬಾರದು, ಗೊತ್ತು. ಹಿಗ್ಗಿದೆ. ಗ್ಲೌಸು ಕಿತ್ತೆಸೆದು, ಕೈ ತೊಳೆದು ವಾರ್ಡಿಗೆ ಓಡಿದೆ.

"ಏಳೋ ಮಾರಾಯಾ! ಕಡಜ ಕುಟುಕಿ ಹೋದದ್ದು ನಿಮ್ಮಣ್ಣ. ನೀನು ಕೊಂದಿಲ್ಲ, ನೀನು ಸಾಯೋದೂ ಇಲ್ಲ!"

"ದಿಟವಾ? ನನ್ನ ತಲೆ ಮೇಲೆ ಕೈಯಿಟ್ಟು ಹೇಳ್ರಮ್ಮಾ."

ಇಟ್ಟು ಹೇಳಿದೆ. ಅಷ್ಟು ಜೋರಾಗಿ ಅಳುತ್ತಾ ನಕ್ಕ ಗಂಡಸನ್ನು ನಾನು ಆಮೇಲೆ ಕಂಡಿಲ್ಲ. ಹೆಂಡತಿ, "ಸಿನಿಮಾಕ್ಕಾ ಹೋಯ್ತಿದ್ದಿದ್ದು ನೀವು?" ಎಂದು ಬೆನ್ನಿಗೆ ಎರಡು ಗುದ್ದಿ, ಅದೇ ಬೆನ್ನನ್ನು ತಬ್ಬಿಕೊಂಡಳು. ಪಕ್ಕದ ಹಾಸಿಗೆಯ ಅಜ್ಜಿ ಕೂಡ ಕೈಮುಗಿದರು. ನನಗೂ ಕಣ್ಣು ತುಂಬಿತ್ತು.

ಅಷ್ಟರಲ್ಲಿ ಅತ್ತಿಗೆ ಬೆಂಚಿನಿಂದ ಎದ್ದು ಬಂದಳು. ಅವನ ನಗು ನಿಂತುಹೋಯಿತು, ತಲೆ ತಗ್ಗಿಸಿದ. ಅವಳು ಸೆರಗಿನಿಂದ ಅವನ ಮುಖವನ್ನು ಗಸಗಸ ಒರೆಸಿದಳು.

"ಏಳು ಮಗಾ. ನಿಮ್ಮಣ್ಣಂಗೆ ಮುಂದ್ಗಡೆ ಹೆಗಲು ಕೊಡೋನು ನೀನು. ಇಲ್ಲೇ ಬಿದ್ಕಂಡಿದ್ರೆ ಆಯ್ತದಾ?"

ಅವನು ಕೈಯಲ್ಲಿದ್ದ ಡ್ರಿಪ್ಪಿನ ಸೂಜಿಯನ್ನು ತಾನೇ ಕಿತ್ತುಕೊಂಡು ಎದ್ದ. ನಾನು ಬೈಯಲಿಲ್ಲ.