ನಾವಿಬ್ಬರೂ ಹೇಳಲಾರದ ಹೆಸರು

ನನ್ನ ಗಂಡನ ಹೆಸರೂ ಅವರ ಅಜ್ಜನ ಹೆಸರೂ ಒಂದೇ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಿಪ್ಪಾಣಿ ಕಡೆಯ ನಮ್ಮಂಥ ಮನೆಗಳಲ್ಲಿ ಇವತ್ತಿಗೂ ತಪ್ಪುವುದಿಲ್ಲ. ಗಂಡನ ಹೆಸರನ್ನು ನಾನು ಹೇಳುವಂತಿಲ್ಲ, ಮಾವನ ಹೆಸರನ್ನು ನನ್ನ ಅತ್ತೆ ಹೇಳುವಂತಿಲ್ಲ. ಹೀಗಾಗಿ ಅತ್ತೆ ತಾವೇ ಹೆತ್ತ ಮಗನನ್ನು ಜೀವಮಾನವೆಲ್ಲ "ದಾದಾ" ಎಂದೇ ಕರೆದರು. ನಾನೋ "ಏನ್ರಿ", "ಕೇಳಿದಿರೇನ್ರಿ" ಅನ್ನುತ್ತ ಇಪ್ಪತ್ತಾರು ವರ್ಷ ಸಂಸಾರ ಮಾಡಿದೆ. ಅವರು ತೀರಿಕೊಂಡು ಎರಡು ವರ್ಷವಾಯಿತು. ಬಾಗಿಲ ಪಕ್ಕದ ಫಲಕವನ್ನು ಮಾತ್ರ ತೆಗೆಯಲು ಮನಸ್ಸಾಗಿಲ್ಲ. ಅದರಲ್ಲಿ ಮೊದಲು ಅವರ ಹೆಸರು, ಆಮೇಲೆ ಅವರ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು.

ಮಗಳು ಚಿಕ್ಕೋಡಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಸದಲಗಾದಿಂದ ಒಂದು ಸಂಬಂಧ ಬಂತು. ಎಮ್ಮೆ ಕಟ್ಟಿ ಹಾಲು ಹಾಕುವ ದೊಡ್ಡ ಮನೆ, ಹುಡುಗ ಮಾತು ಕಮ್ಮಿ, ನಗು ಜಾಸ್ತಿ. ಒಂದಲ್ಲ ಒಂದು ಕೊಂಕು ತೆಗೆದು ಎಷ್ಟೋ ವರಗಳನ್ನು ವಾಪಸು ಕಳಿಸಿದವಳು ನಾನು. ಅಂಥವಳೇ ಒಪ್ಪಿದೆ. ಮಗಳಂತೂ ನೋಡಿದ ದಿನವೇ ಒಪ್ಪಿಬಿಟ್ಟಿದ್ದಳು.

ಮಾತು ಮುಗಿಸಲು ಹುಡುಗನ ದೊಡ್ಡಪ್ಪ ಬಂದರು. ನಾನು ಒಳಗೆ ಚಹಾಕ್ಕೆ ಇಟ್ಟಿದ್ದೆ. ಅವರು ಅತ್ತೆಯನ್ನು ಕೇಳುವುದು ಕೇಳಿಸಿತು: "ನೀವೂ ನಮ್ಹಾಂಗ ಮೊದಲ ಬೋರಗಾಂವದಾವ್ರಂತ. ಅಲ್ಲಿಂದ ಎದ್ದು ಬಂದ ಹಿರ್ಯಾರ ಹೆಸರೇನ್ರಿ?"

ಹಾಗೆ ಬಂದವರು ಅತ್ತೆಯ ಮಾವ, ಅಂದರೆ ನನ್ನ ಗಂಡನ ಅಜ್ಜ. ಅತ್ತೆ ಹೇಗೆ ಹೇಳಿಯಾರು? "ಅಲ್ಲಿ ಐತಿ ನೋಡ್ರಿ, ಅದ ಹೆಸರು" ಅಂದರು. ನಾನು ಚಹಾ ತರುವಷ್ಟರಲ್ಲಿ ದೊಡ್ಡಪ್ಪ ಬಾಗಿಲಲ್ಲಿ ನಿಂತು ಫಲಕ ನೋಡಿ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದರು. ಎಷ್ಟು ಶಿಸ್ತಿನ ಮನುಷ್ಯ ಅಂದುಕೊಂಡೆ.

ಮೂರು ದಿನದ ಮೇಲೆ ಅವರ ಫೋನು ಬಂತು.

"ತಾಯಿ, ಈ ಮದಿವಿ ಆಗೂದಿಲ್ರಿ. ನಮ್ಮ ಮುತ್ಯಾ, ಅಂದ್ರ ನಮ್ಮಜ್ಜ, ನಿಮ್ಮ ಹಿರ್ಯಾ ಇಬ್ಬರೂ ಒಬ್ಬಾವ್ನ. ಅದ ಊರು, ಅದ ಹೆಸರು, ಅಪ್ಪನ ಹೆಸರೂ ಅದ. ನಿಮ್ಮ ಕಡೆ ಒಂದ ಮನಿ, ಸದಲಗಾದಾಗ ಒಂದ ಮನಿ ಮಾಡಿದ್ದಾ ಅಂತ ಕಾಣತೈತಿ. ಹುಡುಗಾ ಹುಡುಗಿ ಅಣ್ಣಾ ತಂಗಿ ಆದ್ರಲ್ರಿ!"

"ಅಡ್ಡಹೆಸರು ಬ್ಯಾರೆ ಐತಲ್ರಿ?"

"ಊರ ಬಿಟ್ಟ ಮ್ಯಾಲ ಅಡ್ಡಹೆಸರ ಬದಲ ಆಗತಾವ್ರಿ."

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಯಾರ ಮೇಲೆ ಸಿಟ್ಟು ಮಾಡಲಿ? ಸತ್ತು ಎಷ್ಟೋ ಕಾಲವಾದ ಮುದುಕನ ಮೇಲೆಯೇ? ಮಗಳು ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದಳು.

"ನಮ್ಮ ಮಾವ ಅಂಥಾವ್ರಲ್ಲ ಬೇ" ಎಂದರು ಅತ್ತೆ. "ಒಂದ ಮನಿ ನಡಸೂದ್ರಾಗ ಅವರ್ಗೆ ಸಾಕಾಗಿ ಹೋಗಿತ್ತು, ಇನ್ನೊಂದ ಎಲ್ಲಿ ಮಾಡತಾರ?"

ಹಳೆಯ ಜಮೀನು ಕಾಗದ ನೋಡೋಣ ಎಂದು ಹೆಸರು ಬರೆದ ಚೀಟಿ ಹಿಡಿದು ಕಚೇರಿಗೂ ಹೋಗಿ ಬಂದೆ. ಅಲ್ಲಿಯ ಗುಮಾಸ್ತ ನಕ್ಕುಬಿಟ್ಟ. "ಬೋರಗಾಂವದಾಗ ಈ ಹೆಸರಿನಾವ್ರು ಓಣಿಗೆ ನಾಕ ಮಂದಿ ಅದಾರ್ರಿ ಅಕ್ಕಾ, ಯಾರನ್ನಂತ ಹುಡುಕ್ಲಿ?" ಎಂದ. ಬರಿಗೈಯಲ್ಲಿ ಮನೆಗೆ ಬಂದೆ.

ಆಗ ಅತ್ತೆಗೆ ಹೆಳವರ ನೆನಪಾಯಿತು. ನಮ್ಮ ಮನೆತನಗಳ ವಂಶಾವಳಿ ಬರೆದಿಟ್ಟು, ಕೆಲವು ವರ್ಷಕ್ಕೊಮ್ಮೆ ಬಂದು ಓದಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು ಹೋಗುವವರು ಅವರು. ನಮ್ಮ ಮನೆಯ ಹೆಳವರು ರಾಯಬಾಗದ ಕಡೆ ಇದ್ದರು. ವಿಷಯ ತಿಳಿಸಿ ಫೋನು ಮಾಡಿದ್ದಕ್ಕೆ ಮರುದಿನವೇ ಮೋಟಾರ್ ಸೈಕಲ್ ಮೇಲೆ ಬಂದರು. ಕೆಂಪು ಬಟ್ಟೆಯಲ್ಲಿ ಸುತ್ತಿದ ದಪ್ಪ ಪುಸ್ತಕವನ್ನು ಹಣೆಗೆ ಒತ್ತಿಕೊಂಡು ಬಿಚ್ಚಿದರು.

"ಯಾರದು ಓದಲಿ ತಾಯಿ?"

ನಾನೂ ಫಲಕ ತೋರಿಸಿದೆ.

ಅವರು ನೋಡಿ ನಕ್ಕರು. "ಇದು ನಿಮ್ಮ ಯಜಮಾನ್ರದಲ್ರಿ? ನಿಮಗ ಬೇಕಾದಾವ್ರು ಅವರ ಮುತ್ಯಾ. ಹೆಸರ ಒಂದ ಆದ್ರೂ ಅವರಪ್ಪ ಬ್ಯಾರೆ."

ಬೆರಳಿಟ್ಟು ಓದಿದರು. ಅತ್ತೆಯ ಮಾವನ ತಂದೆಯದು ನಾವು ಎಂದೂ ಕೇಳಿರದ ಹೆಸರು. ಎರಡನೆಯ ಹೆಂಡತಿ? ಇಲ್ಲವೇ ಇಲ್ಲ. "ಇದ್ದಿದ್ರ ಬರಿಲಾರದ ಬಿಡತಿದ್ವೇನ್ರಿ? ಮಕ್ಕಳ ಪಾಲಿನ ಮಾತದು."

ಅಯ್ಯೋ ದೇವರೇ! ದೊಡ್ಡಪ್ಪ ಬರೆದುಕೊಂಡು ಹೋದದ್ದು ನನ್ನ ಗಂಡನ ಹೆಸರು, ನನ್ನ ಮಾವನ ಹೆಸರು. ಅತ್ತೆ ತೋರಿಸಿದ್ದು ಮೊದಲ ಹೆಸರನ್ನು ಮಾತ್ರ. ಅವರು ಅದರ ಮುಂದಿನದನ್ನೂ ಸೇರಿಸಿ, ಎರಡು ತಲೆಮಾರು ಈಚಿನ ತಂದೆಯನ್ನು ಹಿರಿಯನಿಗೆ ಅಂಟಿಸಿದ್ದರು. ಸದಲಗಾದವರ ಮುತ್ಯಾನ ತಂದೆಗೂ ನನ್ನ ಮಾವನ ಹೆಸರೇ ಇರಬೇಕೇ! ನನಗೆ ನಗುವೂ ಬಂತು, ಅಳುವೂ ಬಂತು.

ಕೂಡಲೇ ದೊಡ್ಡಪ್ಪನಿಗೆ ಫೋನು ಹಚ್ಚಿದೆ. "ಹೆಸರ ಹೇಳ್ರಿ, ಡೈರಿ ಹಿಡಕೊಂಡ ಕುಂತೇನಿ" ಎಂದರು. ಹೆಳವರು ಹೇಳುತ್ತಾರೆ ಎಂದರೆ, "ಬ್ಯಾಡ್ರಿ, ಮನಿಯಾವ್ರ ಬಾಯಿಂದ ಬರಲಿ" ಎಂದರು. ಆ ಹೆಸರು ಹೇಳಬಲ್ಲ ಮಗಳು ಪಾಠಕ್ಕೆಂದು ಚಿಕ್ಕೋಡಿಗೆ ಹೋಗಿದ್ದಳು. ಊರ ಮಂದಿಗೆಲ್ಲ ಬಾಯಿ ಮಾಡುವ ನನಗೆ ಅವತ್ತು ಮಾತ್ರ ನಾಲಿಗೆ ಏಳಲಿಲ್ಲ.

"ತಾ ಇಲ್ಲಿ" ಎಂದು ಅತ್ತೆ ಮೊಬೈಲು ಕಸಿದುಕೊಂಡರು. ಸೆರಗು ತಲೆಯ ಮೇಲೆಳೆದು ಮಾವನ ಹೆಸರು ಹೇಳಿದರು, ಮಾವನ ತಂದೆಯ ಹೆಸರು ಹೇಳಿದರು. ತಮ್ಮ ಗಂಡನ ಹೆಸರನ್ನೂ ಹೇಳಿದರು. ಕೊನೆಗೆ, "ಫಲಕದ ಮ್ಯಾಲ ಇರಾಂವ ನನ್ನ ಮಗಾ ಅದಾನ್ರಿ" ಎಂದು ಆ ಮಗನ ಹೆಸರನ್ನೂ ಹೇಳಿದರು. ಎಂಬತ್ತು ದಾಟಿದ ಮುದುಕಿ, ಒಮ್ಮೆಯೂ ತಡವರಿಸಲಿಲ್ಲ.

ಆ ಕಡೆ ದೊಡ್ಡಪ್ಪ ಡೈರಿಯ ಹಾಳೆ ತಿರುವುವುದು ಕೇಳಿಸಿತು. ಆಮೇಲೆ, "ತಪ್ಪಾತ್ರಿ ತಾಯಿ. ನಿಮ್ಮ ಮಗನ್ನ ನಾ ನಿಮ್ಮ ಮಾವನ್ನ ಮಾಡಿಬಿಟ್ಟೆ. ನಿಶ್ಚಯದ ದಿನಾ ಗೊತ್ತು ಮಾಡ್ರಿ" ಎಂದರು.

ಮಗಳಿಗೆ ಫೋನು ಮಾಡಿದರೆ ಅವಳು ಬರೀ "ಖರೇನೇನ ಅವ್ವಾ?" ಅಂದಳು, ಮೂರು ಸಲ. ಹೆಳವರಿಗೆ ಕಾಳು, ಹೊಸ ಧೋತರ ಕೊಟ್ಟು ಕಳಿಸಿದೆವು.

"ಹೇಳಿದ್ರ ಏನೂ ಆಗಾಂಗಿಲ್ಲ ಬೇ" ಎಂದರು ಅತ್ತೆ, ಗೋಡೆಗೆ ಒರಗಿ ಕೂತು. "ನೀನೂ ಒಮ್ಮೆ ಹೇಳಿ ನೋಡ."

ನಾನು ಎದ್ದು ಬಾಗಿಲಿಗೆ ಹೋದೆ. ಸೆರಗಿನ ತುದಿಯಿಂದ ಫಲಕದ ಧೂಳು ಒರೆಸಿದೆ. ಆಮೇಲೆ ನನ್ನ ಗಂಡನನ್ನು ಮೊಟ್ಟಮೊದಲ ಸಲ ಹೆಸರು ಹಿಡಿದು ಕರೆದೆ. "ಕೇಳಿದಿರೇನ್ರಿ," ಎಂದೆ, "ಮಗಳ ಮದಿವಿ ಗಟ್ಟಿ ಆತು."