ಕುಯ್ಯದೆ ಇಟ್ಟ ಕುಂಬಳಕಾಯಿ

ಅಡುಗೆಮನೆಯ ಮೂಲೆಯಲ್ಲಿ ಆ ಕುಂಬಳಕಾಯಿ ಕೂತು ವಾರದ ಮೇಲಾಯಿತು. ಇಡೀ ಕುಂಬಳಕಾಯಿಗೆ ಹೆಂಗಸರು ಕತ್ತಿ ಹಾಕುವಂತಿಲ್ಲ, ಅದು ಗಂಡಸರ ಕೆಲಸ. ಮನೆಯಲ್ಲಿರುವ ಗಂಡಸು ನಮ್ಮ ದೊಡ್ಡ ಮೊಮ್ಮಗ ಒಬ್ಬನೇ. ಅವನ ಹೆಂಡತಿ ಬಸುರಿ. ಬಸುರಿಯ ಗಂಡ ಏನನ್ನೂ ಕಡಿಯಬಾರದು ಎಂದು ನನ್ನ ಸೊಸೆ ಅವನ ಕೈಯಿಂದ ಕತ್ತಿ ಕಿತ್ತುಕೊಂಡಳು. ಅವನು ನಕ್ಕ. ನನಗೆ ನಗು ಬರಲಿಲ್ಲ, ಎದ್ದು ಹಿತ್ತಲಿಗೆ ಹೋದೆ. ಎದುರಿಗೆ ಹೇಳಲು ನನಗೆ ಮೊದಲಿನಿಂದಲೂ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ ಮಕ್ಕಳೇ, ನನ್ನ ಅಜ್ಜಿಯ ಊರಾದ ಹಾರನಹಳ್ಳಿಯ ಶಾಲೆಯಲ್ಲಿ ಕಲಿತಷ್ಟು ಅಕ್ಷರದಲ್ಲಿ.

ಮಹಾರಾಜರ ಕಾಲ ಅದು. ಹುಣಸೂರಿನಲ್ಲಿ ನಮ್ಮಪ್ಪ ಎತ್ತಿನ ಗಾಡಿ ಮಾಡುತ್ತಿದ್ದರು. ನಮ್ಮ ಮನೆಯ ಎದುರಿಗೇ ಆಸ್ಪತ್ರೆಯ ಡಾಕ್ಟರ ಮನೆ. ಸುತ್ತಲ ಹಳ್ಳಿಗಳಿಗೆಲ್ಲ ಕುಯ್ದು ಹೊಲಿಯುವ ಡಾಕ್ಟರು ಅವರೊಬ್ಬರೇ. ಒಂದು ಸಲ ಬಾಚಿ ಜಾರಿ ಅಪ್ಪನ ಎಡಗೈ ಬೆರಳುಗಳು ತೊಗಲಲ್ಲಿ ಜೋತುಬಿದ್ದಿದ್ದವು. ಡಾಕ್ಟರು ಅವನ್ನು ಕೂರಿಸಿ ಹೊಲಿದರು. ಅಪ್ಪ ಮತ್ತೆ ಉಳಿ ಹಿಡಿದರು. "ಈ ಕೈ ನಂದಲ್ಲ, ದಾಕುಟ್ರುದು" ಎಂದು ಬಂದವರಿಗೆಲ್ಲ ಬೆರಳು ಮಡಿಸಿ ತೋರಿಸುತ್ತಿದ್ದರು.

ಆಸ್ಪತ್ರೆಗೆ ಹೋಗುವ ಮೊದಲು ಡಾಕ್ಟರು ಜಗಲಿಯಲ್ಲಿ ಕೂತು ತಮ್ಮ ಇಬ್ಬರು ಹೆಣ್ಣುಮಕ್ಕಳಿಗೆ ಜಡೆ ಹಾಕುತ್ತಿದ್ದರು. ಗಂಡಸು ಜಡೆ ಹಾಕುವುದನ್ನು ಬೀದಿಯವರು ಅದಕ್ಕೆ ಮೊದಲು ಕಂಡಿರಲಿಲ್ಲ. ನಾನು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದರೆ ಕೈಸನ್ನೆ ಮಾಡಿ ಕರೆದು ನನಗೂ ಹಾಕುತ್ತಿದ್ದರು. ಅವರ ಬೆರಳಿನಲ್ಲಿ ಆಸ್ಪತ್ರೆಯ ಸೋಪಿನ ಘಾಟು ಇರುತ್ತಿತ್ತು…

"ಏನ್ ಸ್ವಾಮಿ, ಒಟ್ಟೆ ಒಲ್ಯೋ ಕೈನಾಗೆ ಜಡೆನೂವಾ?" ಎಂದು ಅಪ್ಪ ಛೇಡಿಸುತ್ತಿದ್ದರು.

"ಹೊಟ್ಟೆ ಹೊಲಿಸ್ಕೊಳ್ಳೋರು ತೆಪ್ಪಗೆ ಮಲಗಿರ್ತಾರೆ ಆಚಾರ್ರೇ. ಇವು ಒಂದು ಗಳಿಗೆ ನಿಲ್ಲಲ್ಲ ನೋಡಿ."

ಹಾಗಿರುವಾಗ ಡಾಕ್ಟರ ಹೆಂಡತಿ ಮೂರನೆಯ ಸಲ ಬಸುರಿಯಾದರು. ಹೊಟ್ಟೆ ಕಾಣತೊಡಗಿದ್ದೇ ತಡ, ಜನ ಡಾಕ್ಟರ ಕೈಯಲ್ಲಿ ಕುಯ್ಯಿಸಿಕೊಳ್ಳುವುದನ್ನು ಬಿಟ್ಟರು. ಕುರು ಎದ್ದವರೂ ಬರೀ ಮಾತ್ರೆ ಕೇಳಿ ಹೋಗುತ್ತಿದ್ದರು. ಬಸುರಿಯ ಗಂಡ ಕತ್ತಿ ಹಿಡಿದರೆ ಹುಟ್ಟುವ ಮಗುವಿಗೆ ತಗಲುತ್ತದೆ ಎಂಬ ಭಯ. ಅವರ ಮೇಲೆ ಪ್ರೀತಿ ಹೆಚ್ಚಿದ್ದವರಿಗೇ ಆ ಭಯವೂ ಹೆಚ್ಚು. ಡಾಕ್ಟರು ಮೊದಮೊದಲು ನಗುತ್ತಿದ್ದರು. "ಹಿಂದಿನ ಊರಲ್ಲಿ ಇವರಿಬ್ಬರು ಹೊಟ್ಟೇಲಿದ್ದಾಗಲೂ ಕುಯ್ದಿದೀನಿ. ಕಿವಿ ಮೂಗು ನೆಟ್ಟಗಿದೆಯೋ ಇಲ್ಲವೋ ನೋಡ್ಕೊಳ್ಳಿ" ಎಂದು ಮಕ್ಕಳನ್ನು ಮುಂದೆ ನಿಲ್ಲಿಸುತ್ತಿದ್ದರು. "ಅಲ್ಲಿ ನಿಮ್ಗೆ ಏಳೋರು ಇರ್ನಿಲ್ಲ. ಈಗ ನಾವಿಲ್ವಾ?" ಎನ್ನುತ್ತಿದ್ದರು ನಮ್ಮಪ್ಪ. ತಗಡು ಕೆಲಸದ ಸಾಹೇಬರು ಮಾತ್ರ ಆ ದಿನಗಳಲ್ಲೇ ಡಾಕ್ಟರ ಕೈಯಲ್ಲಿ ಕತ್ತಿನ ಗಂಟು ತೆಗೆಸಿಕೊಂಡು ಆರಾಮವಾಗಿ ಓಡಾಡುತ್ತಿದ್ದರು.

ಅಪ್ಪನಿಗೆ ತೊಡೆಸಂದಿಯಲ್ಲಿ ಕರುಳು ಇಳಿಯುವ ಕಾಯಿಲೆ ಇತ್ತು. ಅಂಗೈಯಲ್ಲಿ ಒತ್ತಿದರೆ ಒಳಗೆ ಹೋಗುತ್ತಿತ್ತು. ಒಂದು ಬೆಳಿಗ್ಗೆ ಚಕ್ರ ಎತ್ತುವಾಗ ಇಳಿದದ್ದು ಹಿಂದಕ್ಕೆ ಹೋಗಲಿಲ್ಲ. ನೋವಿಗೆ ನೆಲದ ಮೇಲೆ ಹೊರಳಾಡಿದರು. ಡಾಕ್ಟರು ಓಡಿ ಬಂದು ಮುಟ್ಟಿ ನೋಡಿ, ಈಗಿಂದೀಗಲೇ ಕುಯ್ಯಬೇಕು, ತಡವಾದರೆ ಕರುಳು ಕೊಳೆಯುತ್ತದೆ ಎಂದರು.

"ನಿಮ್ಮ ಕೈ ಬ್ಯಾಡಿ ಸ್ವಾಮಿ. ಬಸ್ಸಿಗೆ ಮೈಸೂರ್ಗೆ ಓಯ್ತೀನಿ."

ಅಷ್ಟರಲ್ಲಿ ಡಾಕ್ಟರ ಹೆಂಡತಿಯೇ ಹೊಟ್ಟೆ ಹಿಡಿದುಕೊಂಡು ಬಂದರು. ಎಂದೂ ನಮ್ಮ ಮನೆಯ ಒಳಗೆ ಬಂದವರಲ್ಲ. ಮರದ ಹೊಟ್ಟಿನ ಮೇಲೇ ಅಪ್ಪನ ಪಕ್ಕದಲ್ಲಿ ಕೂತರು. "ಹೆತ್ತುಕೊಳ್ಳೋಳು ನಾನು ಆಚಾರ್ರೇ. ನಾನೇ ಹೇಳ್ತಿದೀನಿ, ಏನೂ ಆಗಲ್ಲ. ಹೂಂ ಅನ್ನಿ."

"ಅಂಗನ್ಬ್ಯಾಡಿ ತಾಯಿ. ಆ ಕೂಸ್ಗೇನಾರ ಆದ್ರೆ ಈ ಬೆರಳ್ನ ಮಡುಗ್ಕೊಂಡು ನಾನೆಂಗೆ ಉಳಿ ಇಡೀಲಿ?"

ಯುದ್ಧದ ಕಾಲ, ಪೆಟ್ರೋಲ್ ಸಿಗದೆ ಇದ್ದಿಲು ಉರಿಸಿ ಬಸ್ಸು ಓಡಿಸುತ್ತಿದ್ದರು. ಅವ್ವ ಅಪ್ಪನ ಜೊತೆಗೆ ಹೊರಟಳು. ಡಾಕ್ಟರೂ ಚೀಲ ಹಿಡಿದು ಹತ್ತಿದರು. ಮುಂದಿನದನ್ನು ಅವ್ವ ಆಮೇಲೆ ಹೇಳಿದ್ದು. ಬಿಳಿಕೆರೆ ದಾಟುವ ಮೊದಲೇ ಬಸ್ಸು ಕೆಮ್ಮಿ ನಿಂತಿತಂತೆ. ಡ್ರೈವರು ಇದ್ದಿಲು ಕೆದಕುತ್ತಿದ್ದಾಗ ಡಾಕ್ಟರು ಅಪ್ಪನನ್ನು ಹುಣಿಸೇಮರದ ಕೆಳಗೆ ಮಲಗಿಸಿಕೊಂಡು, ಯಾವುದಾದರೂ ಗಾಡಿ ಹಿಡಿದು ವಾಪಸ್ ಹೋಗೋಣ, ಈಗಲಾದರೂ ಒಪ್ಪಿಕೊಳ್ಳಿ ಎಂದು ಬೇಡಿಕೊಂಡರಂತೆ. ಅಪ್ಪ ತಲೆ ಅಲ್ಲಾಡಿಸಿದರಂತೆ. ಬಸ್ಸು ಮತ್ತೆ ಹೊರಟಿತು. ಆದರೆ ಮೈಸೂರು ಬರುವ ಮೊದಲೇ ಅಪ್ಪ… ಕುಯ್ಯಬಲ್ಲ ಕೈಯನ್ನು ಹಿಡಿದುಕೊಂಡೇ ಹೋದರು.

ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಡಾಕ್ಟರ ಮೇಲೆ ನಂಬಿಕೆಯಿಲ್ಲದೆ ಬೇಡ ಎಂದಿದ್ದರೆ ಅದು ಬೇರೆ. ದ್ವೇಷವಾಗಿದ್ದರೆ ಜಗಳವಾಡಿ ಒಪ್ಪಿಸಬಹುದಿತ್ತು. ಇದಕ್ಕೆ ಏನು ಮಾಡಬೇಕಿತ್ತು?

ತಿಥಿ ಮುಗಿದ ಮೇಲೆ ಡಾಕ್ಟರು ನನ್ನನ್ನು ಜಗಲಿಗೆ ಕರೆದು ಜಡೆ ಹಾಕಲು ಕೂರಿಸಿಕೊಂಡರು. ನಡುವೆ ಕೈ ನಿಂತಿತು. "ನನ್ನ ಮಗೂನ ಕಾಪಾಡಿದೆ ಅಂದ್ಕೊಂಡು ಹೋಗ್ಬಿಟ್ಟರು ನಿಮ್ಮಪ್ಪ. ನಂಗೆ ಆ ಋಣ ಬೇಡ ಕಣಮ್ಮ. ಸಿಟ್ಟು ಬರ್ತದೆ" ಎಂದರು. ಜಡೆ ಅರ್ಧಕ್ಕೇ ಉಳಿಯಿತು. ಅವ್ವ ಪೂರ್ತಿ ಮಾಡಿದಳು.

ಗಂಡುಮಗು ಹುಟ್ಟಿತು, ಗುಂಡುಗುಂಡಾಗಿತ್ತು. ಇನ್ನಾದರೂ ಜನಕ್ಕೆ ತಿಳಿದೀತು ಎಂದುಕೊಂಡೆ. ಸಾಹೇಬರ ಕತ್ತಿನ ಗಂಟು ಕುಯ್ದಿದ್ದರಲ್ಲ, ಮಗುವಿಗೆ ಏನಾಗಿತ್ತು? ಆದರೆ ಬೀದಿಯವರು ಕೂಸನ್ನು ನೋಡಿ ಬಂದು ಅವ್ವನಿಗೆ, "ನಿನ್ ಗಂಡ ಉಳಿಸ್ಕೊಟ್ಟ ಮಗ ಕಣವ್ವ" ಎಂದರು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೂಂ ಎಂದಳು. ಅವಳಿಗೆ ಉಳಿದಿದ್ದ ಸಮಾಧಾನ ಅದೊಂದೇ. ಅದನ್ನು ಕಿತ್ತುಕೊಳ್ಳುವ ಧೈರ್ಯ ಡಾಕ್ಟರಿಗೂ ಬರಲಿಲ್ಲ.

ಆಮೇಲೆ ಅವರಿಗೆ ವರ್ಗವಾಯಿತು. ನಾನೂ ಮದುವೆಯಾಗಿ ಕೃಷ್ಣರಾಜನಗರಕ್ಕೆ ಬಂದೆ. ಅವರು ತೀರಿಕೊಂಡ ಸುದ್ದಿ ನನ್ನ ಕಿವಿಗೆ ಬಿದ್ದಾಗ ತುಂಬ ಕಾಲವಾಗಿತ್ತು. ಅಳೋಣವೆಂದರೆ ಅವರನ್ನು ಕಂಡವರು ಈ ಊರಿನಲ್ಲಿ ಯಾರೂ ಇರಲಿಲ್ಲ. ನಿಮ್ಮ ತಾತ ಒಬ್ಬರಿಗೆ ಹೇಳಿದ್ದೆ. ಅವರೂ ಈಗಿಲ್ಲ.

ಇವತ್ತು ಬೆಳಿಗ್ಗೆ ಯಾರೂ ಇಲ್ಲದಾಗ ನಾನೇ ಆ ಕುಂಬಳಕಾಯಿಗೆ ಕತ್ತಿ ಹಾಕಿದೆ. ಕೈಯಲ್ಲಿ ಬಲವಿಲ್ಲ, ಸಿಪ್ಪೆಯ ಮೇಲೆ ಒಂದು ಗೀರು ಬಿತ್ತು ಅಷ್ಟೆ. ಯಾರು ಹೀಗೆ ಮಾಡಿದ್ದು ಎಂದು ಸೊಸೆ ಆಗಿನಿಂದ ಎಲ್ಲರನ್ನೂ ಕೇಳುತ್ತಿದ್ದಾಳೆ. ನನ್ನನ್ನು ಮಾತ್ರ ಕೇಳಿಲ್ಲ.