ಸಾಕ್ಷಿಯಲ್ಲಿ ಬಿಟ್ಟುಹೋದ ಗುಳಿಗೆ

ಕರೂರಿನ ಶಾಲೆಯಲ್ಲಿ ಬಿಸಿಯೂಟ ಮಾಡುವ ಸುನಂದಾಳ ಜೊತೆ ನಾನು ಏಳು ವರ್ಷದಿಂದ ತರಕಾರಿ ಹೆಚ್ಚುತ್ತಿದ್ದೇನೆ. ಒಮ್ಮೆ ಒಲೆಯ ಮುಂದೆಯೇ ಅವಳಿಗೆ ಫಿಟ್ಸ್ ಬಂತು. ಕುದಿಯುವ ಸಾಂಬಾರಿನ ಮೇಲೆ ಬೀಳುತ್ತಿದ್ದವಳನ್ನು ಸೆರಗು ಹಿಡಿದು ಎಳೆದವಳು ನಾನೇ. ಆಮೇಲೆ ಬಳ್ಳಾರಿಯ ಪಾರ್ವತಿನಗರದ ಡಾಕ್ಟರು ಗುಳಿಗೆ ಬರೆದುಕೊಟ್ಟರು. ಮೂರು ವರ್ಷವಾಯಿತು, ಮತ್ತೆ ಬಂದಿಲ್ಲ.

ಆದರೆ ಸಿರುಗುಪ್ಪದ ನಮ್ಮ ಪ್ರಾರ್ಥನಾಲಯದಲ್ಲಿ, ದೇವರು ತನಗೆ ಮಾಡಿದ್ದನ್ನು ಸಭೆಯ ಮುಂದೆ ಸಾಕ್ಷಿ ಹೇಳಲು ಎದ್ದಾಗ ಸುನಂದಾ ಗುಳಿಗೆಯ ಮಾತೇ ಎತ್ತಲಿಲ್ಲ. "ಯೇಸಪ್ಪ ಮುಟ್ಟಿದ, ನಾ ಚೊಲೋ ಆದೆ" ಎಂದಳು, ಅಷ್ಟೇ. ಗುಳಿಗೆ ಎಂದುಬಿಟ್ಟರೆ ದೇವರ ಮಹಿಮೆ ಕಡಿಮೆಯಾದೀತು ಎಂಬ ಅಂಜಿಕೆ ಅವಳಿಗೆ. ಜನ ಹಲ್ಲೆಲೂಯ ಎಂದರು. ಎಲ್ಲ ಗೊತ್ತಿದ್ದ ನಾನು ಅವರೆಲ್ಲರಿಗಿಂತ ಜೋರಾಗಿ ಆಮೆನ್ ಎಂದೆ. ಈಗ ನೆನೆದರೆ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ಗುಳಿಗೆಯ ಸ್ಟ್ರಿಪ್ ಆಗಲೂ ಅವಳ ಸತ್ಯವೇದದ ಜಿಪ್ ಕವರಿನ ಹಿಂದಿನ ಜೇಬಿನಲ್ಲಿತ್ತು.

ಕಳೆದ ಭಾನುವಾರ ಚಪ್ಪಲಿ ಬಿಡುವಲ್ಲಿ ನನ್ನ ಎದುರಿಗೇ ರಾರಾವಿ ಊರಿನ ಮೀನಾಕ್ಷಿ ಸುನಂದಾಳ ಕೈ ಹಿಡಿದಳು.

"ಅಕ್ಕಾರ, ನಿಮ್ಮ ಸಾಕ್ಷಿ ಕೇಳಿ ನನಗ ಧೈರ್ಯ ಬಂತ್ರಿ. ನಮ್ಮ ಗಂಗೋತ್ರಿಗೂ ಫಿಟ್ಸ್ ಐತಲ್ರಿ. ಹದಿನೈದು ದಿನ ಆತು, ಗುಳಿಗಿ ಬಿಡಿಸೀನಿ."

ಗಂಗೋತ್ರಿ ಅವಳ ಮಗಳು, ಡಿಗ್ರಿ ಓದುತ್ತಿದ್ದಾಳೆ. ಸುನಂದಾಳ ಮುಖ ಬಿಳಿಚಿಕೊಂಡಿತು.

"ಈಗ ಎಲ್ಲಿ ಅದಾಳವಾ?"

"ಕಾಲುವಿಗೆ ಬಟ್ಟಿ ಒಗಿಯಾಕ ಹೋಗ್ಯಾಳ್ರಿ."

ಒಳಗೆ ಹಾಡು ಶುರುವಾಯಿತು. ಸುನಂದಾ ಬಂದು ನನ್ನ ಪಕ್ಕ ಕುಳಿತಳು, ತುಟಿ ಮಾತ್ರ ಆಡಿಸಿದಳು. ನನಗೋ ಕಣ್ಣ ಮುಂದೆ ತುಂಬಿದ ಕಾಲುವೆಯೇ ನಿಂತಿತ್ತು.

"ಎದ್ದು ಖರೇ ಹೇಳಿಬಿಡು" ಎಂದೆ.

"ಎಲ್ಲಾರೂ ಸುಳ್ಳಿ ಅಂತಾರ, ವೀರಭದ್ರಮ್ಮ."

"ಅನ್ಲಿ."

ಅಷ್ಟರಲ್ಲಿ ಪಾಸ್ಟರ್ ಅವಳನ್ನೇ ಕರೆದರು. "ಸುನಂದಮ್ಮ, ಹೊಸಬರು ಬಂದಾರ, ನಿಮ್ಮ ಸಾಕ್ಷಿ ಇನ್ನೊಮ್ಮೆ ಹೇಳ್ರಿ."

ಎದ್ದಳು. ಸತ್ಯವೇದದ ಜಿಪ್ ಎಳೆದಳು. ಸ್ಟ್ರಿಪ್ ಹೊರತೆಗೆದು ಎತ್ತಿ ಹಿಡಿದಳು.

"ನಾ ದಿನಾ ಎರಡು ಗುಳಿಗಿ ತಗೊಂತೀನಿ. ಸಾಕ್ಷಿ ಹೇಳಿದ ದಿನಾನೂ ತಗೊಂಡಿದ್ದೆ, ಹೇಳ್ಲಿಲ್ಲ. ಮೀನಾಕ್ಷಿ, ಏಳು, ಕಾಲುವಿಗೆ ಹೋಗೂಣು!"

ಮೀನಾಕ್ಷಿ ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದಳು.

ನಾವು ಮೂವರೂ ಆಟೋ ಹತ್ತಿದೆವು. ಸತ್ಯವೇದದಲ್ಲಿ ಬರುವ ಹಿಜ್ಕೀಯ ಅರಸ ನನ್ನ ನೆನಪಿಗೆ ಬಂದ. ಬದುಕುತ್ತೀ ಎಂದು ಮಾತು ಕೊಟ್ಟ ದೇವರೇ ಅವನ ಹುಣ್ಣಿಗೆ ಅಂಜೂರದ ಉಂಡೆ ಕಟ್ಟಿಸಿದ. ಎಷ್ಟು ಸಲ ಓದಿದ್ದೆವು ಅದನ್ನು! ಔಷಧಿಗೆ ದೇವರು ನಾಚಲಿಲ್ಲ, ನಾವು ನಾಚಿದೆವು. ಕರ್ತನೇ, ಆ ಹುಡುಗಿಯನ್ನು ಉಳಿಸು ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

ಕಾಲುವೆಯ ಕಲ್ಲಿನ ಮೇಲೆ ಅರ್ಧ ಒಗೆದ ಬಟ್ಟೆಗಳಿದ್ದವು. ಹುಡುಗಿ ಇರಲಿಲ್ಲ. ಮೀನಾಕ್ಷಿ ಸೀರೆ ಸಮೇತ ನೀರಿಗಿಳಿದು ಮಗಳ ಹೆಸರು ಹಿಡಿದು ಕಿರುಚಿದಳು.

"ಅವ್ವಾ!" ಏರಿಯ ಮೇಲಿನ ಜಾಲಿ ಗಿಡದ ಹಿಂದಿನಿಂದ ಗಂಗೋತ್ರಿ ಎದ್ದುನಿಂತಳು. ಕೈಯಲ್ಲಿ ತೆರೆದ ಸೋಪಿನ ಡಬ್ಬಿ. ಒಳಗೆ ಸೋಪಿರಲಿಲ್ಲ, ಗುಳಿಗೆ ಇತ್ತು.

"ಬೈಬ್ಯಾಡವ್ವಾ. ನಾ ಬಿಟ್ಟಿಲ್ಲ. ನಂಬಿಕಿ ಇಲ್ಲದಾಕಿ ಅಂತೀ ಅಂತ ಅಂಜಿ ಇಲ್ಲಿ ಬಂದು ನುಂಗ್ತಿದ್ದೆ."

ಮೀನಾಕ್ಷಿ ನೀರಿನಲ್ಲೇ ಕುಸಿದು ಅತ್ತಳು. ಸುನಂದಾ ಏರಿ ಹತ್ತಿ ಹುಡುಗಿಯ ಪಕ್ಕ ನೆಲದ ಮೇಲೆ ಕುಳಿತಳು. ಸತ್ಯವೇದದ ಜಿಪ್ ಎಳೆದು ತನ್ನ ಸ್ಟ್ರಿಪ್ ತೋರಿಸಿದಳು.

"ನಿನಗ ಆ ಅಂಜಿಕಿ ಹಚ್ಚಿದಾಕಿ ನಾನವಾ."